ಅಳಲೆ, ದಾಳಿಂಬೆ ಸಿಪ್ಪೆ, ನೆಗ್ಗಿಲು, ತುಳಸಿ: ಇ. ಕೋಲಿ ಎದುರು ನಿಂತದ್ದು ಯಾವುದು?

ಉರಿಮೂತ್ರಕ್ಕೆ ಏನು ಮದ್ದು ಅಂತ ಹಿರಿಯರನ್ನು ಕೇಳಿ. ನೆಗ್ಗಿಲು ಕಷಾಯ ಅನ್ನುತ್ತಾರೆ, ಇಲ್ಲವೇ ಬಾರ್ಲಿ ನೀರು. ಅಳಲೆಕಾಯಿ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಗೆದ್ದದ್ದು ಅದೇ.

ಮೂತ್ರದ ಸೋಂಕಿನಲ್ಲಿ ಸುಮಾರು ಮುಕ್ಕಾಲು ಪಾಲು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ್ದೇ ಕೈವಾಡ. ಪರೀಕ್ಷೆಗೆ ಅದರ ಜೊತೆ ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್ ಎಂಬ ಇನ್ನೆರಡು ಬ್ಯಾಕ್ಟೀರಿಯಾಗಳನ್ನೂ ಇಟ್ಟುಕೊಂಡೆ. ಅಳಲೆ, ನೆಗ್ಗಿಲು ಚಿಕ್ಕಪೇಟೆ ಕಡೆಯ ಗ್ರಂಥಿಗೆ ಅಂಗಡಿಯವು. ದಾಳಿಂಬೆ ಸಿಪ್ಪೆ ಮಲ್ಲೇಶ್ವರದ ಜ್ಯೂಸ್ ಅಂಗಡಿಯಲ್ಲಿ ಪುಕ್ಕಟೆ ಸಿಕ್ಕಿತು. ತುಳಸಿ ಮನೆಯ ಕುಂಡದ್ದು. ಎಲ್ಲವನ್ನೂ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲಿ ಒಂದು, ಮೆಥನಾಲ್‌ನಲ್ಲಿ ಒಂದು ಸಾರ ತೆಗೆದೆ. ಮುಲ್ಲರ್-ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಸವರಿ, 6 ಮಿ.ಮೀ. ಗುಳಿ ಕೊರೆದು, ಸಾರ ಹಾಕಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟೆ. ಹೋಲಿಕೆಗೆ ಸಿಪ್ರೊಫ್ಲಾಕ್ಸಸಿನ್ (ಸಿಪ್ರೊ) ಎಂಬ ಆ್ಯಂಟಿಬಯೋಟಿಕ್‌ನ 5 ಮೈಕ್ರೋಗ್ರಾಂ ಡಿಸ್ಕ್, ಜೊತೆಗೆ ಸಾರವಿಲ್ಲದೆ ಬರೀ ಡಿಎಂಎಸ್‌ಒ ಎಂಬ ದ್ರಾವಕ ಹಾಕಿದ ಒಂದು ಗುಳಿ.

ಅಳಲೆಯ ಸುತ್ತ ಮೂರೂ ಬ್ಯಾಕ್ಟೀರಿಯಾಗಳಲ್ಲಿ ಸ್ಪಷ್ಟವಾದ ಖಾಲಿ ವಲಯ, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಜಾಗ ಕಂಡಿತು. ಒಂದು ಎಚ್ಚರ ಬೇಕು. ಸಾರದ ಕಂದು ಬಣ್ಣವೂ ಅಗರ್‌ನಲ್ಲಿ ಉಂಗುರವಾಗಿ ಹರಡುತ್ತದೆ. ಬಣ್ಣದ ಅಂಚನ್ನು ಅಳೆದರೆ ಲೆಕ್ಕ ಕೆಟ್ಟಿತು. ಪ್ಲೇಟನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಬ್ಯಾಕ್ಟೀರಿಯಾದ ಮಬ್ಬು ಪದರ ಎಲ್ಲಿ ನಿಂತಿದೆ ಅಂತ ನೋಡಬೇಕು. ಪ್ರೋಟಿಯಸ್ ಇನ್ನೂ ತಲೆನೋವು. ಕೆರೆಗೆ ಕಲ್ಲೆಸೆದ ಹಾಗೆ ಅಲೆಅಲೆಯಾಗಿ ಹರಡಿ, ತೆಳು ಪೊರೆಯಂತೆ ವಲಯದೊಳಗೂ ನುಗ್ಗುತ್ತದೆ. ಆ ಪೊರೆಯನ್ನು ಬಿಟ್ಟು ಅಳೆಯುವುದೇ ಕ್ರಮ.

ದಾಳಿಂಬೆ ಸಿಪ್ಪೆ ಅಳಲೆಗೆ ಹತ್ತಿರವೇ ಬಂತು, ಆದರೆ ಮೆಥನಾಲ್ ಸಾರದಲ್ಲಿ ಮಾತ್ರ. ನೀರಿನಲ್ಲಿ ಸೊರಗಿತು. ಅಳಲೆಗೆ ಆ ಭೇದ ಅಷ್ಟಾಗಿ ಇರಲಿಲ್ಲ. ನನಗೆ ಅದು ಮುಖ್ಯ. ಮನೆಯಲ್ಲಿ ಯಾರೂ ಮೆಥನಾಲ್ ಕಷಾಯ ಕುಡಿಯುವುದಿಲ್ಲ ಅಲ್ವಾ? ಅಳಲೆ, ದಾಳಿಂಬೆ ಸಿಪ್ಪೆ ಎರಡರಲ್ಲೂ ಮುಖ್ಯವಾಗಿ ಕೆಲಸ ಮಾಡುವುದು ಟ್ಯಾನಿನ್‌ಗಳು, ನಾಲಿಗೆಗೆ ಒಗರು ಕೊಡುವವು.

ತುಳಸಿ ಇ. ಕೋಲಿ ಎದುರು ಹೆಸರಿಗೆ ಒಂದು ಸಣ್ಣ ಗೆರೆ ಬಿಡಿಸಿತು, ಅಷ್ಟೇ. ಅದರ ಯೂಜೆನಾಲ್ ಇರುವ ಸುವಾಸನೆಯ ಎಣ್ಣೆ ಎಲೆ ಒಣಗಿಸುವಾಗ, ಸಾರದ ದ್ರಾವಕವನ್ನು ಆವಿ ಮಾಡುವಾಗ ಜಾಸ್ತಿ ಹಾರಿಹೋಗುತ್ತದೆ. ಇದಲ್ಲದೆ ಈ ಮೂರೂ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪದರ ಅನೇಕ ಗಿಡಮೂಲಿಕೆ ರಾಸಾಯನಿಕಗಳನ್ನು ಒಳಗೆ ಬಿಡುವುದೇ ಇಲ್ಲ.

ನೆಗ್ಗಿಲಿನ ಸುತ್ತ ಏನೂ ಇಲ್ಲ. ಡಿಎಂಎಸ್‌ಒ ಗುಳಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಹಾಗಂತ ಅಜ್ಜಿ ಮದ್ದನ್ನು ತೆಗೆದುಹಾಕುವುದು ಅನ್ಯಾಯ. ನೆಗ್ಗಿಲಿಗೆ ಹೆಸರಿರುವುದು ಮೂತ್ರ ಜಾಸ್ತಿ ಹರಿಸುವುದಕ್ಕೆ. ಅಗರ್ ಪ್ಲೇಟಿಗೆ ಮೂತ್ರಕೋಶವೂ ಇಲ್ಲ, ಹರಿವೂ ಇಲ್ಲ. ಕ್ರ್ಯಾನ್‌ಬೆರಿಯ ಕಥೆಯೂ ಹೀಗೇ: ಅದರ ವಿಷಯದಲ್ಲಿ ಹೇಳುವುದು ಇ. ಕೋಲಿಯನ್ನು ಅಂಟಿಕೊಳ್ಳದಂತೆ ತಡೆಯುವ ಗುಣ, ಕೊಲ್ಲುವುದಲ್ಲ.

ಗೆದ್ದ ಅಳಲೆಗೂ ಒಂದು ಕೊಕ್ಕೆ ಇದೆ. ಅದರ ದೊಡ್ಡ ಟ್ಯಾನಿನ್‌ಗಳು ಕರುಳಿನಲ್ಲೇ ಒಡೆದು ಯುರೋಲಿಥಿನ್‌ ಎಂಬ ಸಣ್ಣ ರಾಸಾಯನಿಕಗಳಾಗುತ್ತವೆ. ಮೂತ್ರಕ್ಕೆ ತಲುಪುವುದು ಮುಖ್ಯವಾಗಿ ಅವು, ನಾನು ಪ್ಲೇಟಿನ ಗುಳಿಯೊಳಗೆ ಹಾಕಿದ ಸಾರವಲ್ಲ. ಹಾಗಾಗಿ ಜ್ವರ, ಸೊಂಟದ ಪಕ್ಕ ನೋವು ಇರುವವರು ಈ ಪ್ಲೇಟ್ ನಂಬಿ ಅಳಲೆ ಪುಡಿ ನೆಕ್ಕಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಆದರೂ ಭಾರತದಲ್ಲಿ ಸಿಪ್ರೊಗೆ ಬಗ್ಗದ ಇ. ಕೋಲಿ ಸಾಮಾನ್ಯವಾಗಿರುವಾಗ ಅಳಲೆಯನ್ನು ಬಿಡಲು ಮನಸ್ಸಿಲ್ಲ. ಮುಂದಿನ ಹಂತಕ್ಕೆ ಅದರ ನೀರಿನ ಸಾರವನ್ನೇ ಆರಿಸಿದ್ದೇನೆ. 96 ಗುಳಿಯ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಜೊತೆ ಸಾರವನ್ನು ಹಂತಹಂತವಾಗಿ ದುರ್ಬಲಗೊಳಿಸುತ್ತಾ ಹೋಗಿ, ರೆಸಜುರಿನ್ ಎಂಬ ನೀಲಿ ಬಣ್ಣದ ಸೂಚಕ ಹಾಕುವುದು. ನೀಲಿ ಉಳಿದರೆ ಬೆಳವಣಿಗೆ ನಿಂತಿದೆ, ಗುಲಾಬಿಯಾದರೆ ಇಲ್ಲ. ಬ್ಯಾಕ್ಟೀರಿಯಾ ಇಲ್ಲದ, ಬರೀ ಸಾರದ ಒಂದು ಸಾಲನ್ನೂ ಇಡಬೇಕು. ಇಲ್ಲದಿದ್ದರೆ ಅಳಲೆಯ ಕಂದು ಬಣ್ಣದ ಮಧ್ಯೆ ಯಾವುದು ನೀಲಿ, ಯಾವುದು ಗುಲಾಬಿ ಅಂತ ಹೇಳಲಾಗದು.