ಮುಳ್ಳು ಹೇಳುವ ವೇಗ, ಪರದೆ ಹೇಳುವ ಮೈಲೇಜ್: ಐದು ವರ್ಷಗಳ ಲೆಕ್ಕ

ನನ್ನದು 2020ರ ಬಿಎಸ್6 ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್ ಎಂಜಿನ್, ಐದು ಗೇರ್, 37 ಲೀಟರ್ ಟ್ಯಾಂಕ್, 185/65 ಆರ್15 ಟಯರ್. ಮನೆ ಹಾಸನದಲ್ಲಿ, ಕೆಲಸದ ನಿಮಿತ್ತ ಬೆಂಗಳೂರಿಗೆ ಓಡಾಟ, ಆಗೊಮ್ಮೆ ಈಗೊಮ್ಮೆ ಶಿರಾಡಿ ಇಳಿದು ಮಂಗಳೂರು. ಓಡೋಮೀಟರ್ ಎಪ್ಪತ್ತು ಸಾವಿರ ದಾಟಿದೆ. ಸೀಟು, ಡಿಕ್ಕಿ, ಸಸ್ಪೆನ್ಷನ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ಸ್ಟಿಯರಿಂಗ್ ಹಿಂದೆ ಕಾಣುವ ಎರಡು ಅಂಕಿಗಳ ಬಗ್ಗೆ ಮಾತ್ರ: ವೇಗ ಮತ್ತು ಸರಾಸರಿ ಮೈಲೇಜ್. ಕಂಪನಿಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ನೆಂಟರಿಷ್ಟರ ಬೇರೆ ಬೇರೆ ಕಾರುಗಳಲ್ಲಿ ನೋಡಿದಾಗಲೂ ಕಥೆ ಹೆಚ್ಚುಕಡಿಮೆ ಇದೇ ಆಗಿತ್ತು.

ಎರಡೂ ಸುಳ್ಳು ಹೇಳುತ್ತವೆ. ಒಂದರ ಸುಳ್ಳಿಗೆ ಕಾನೂನಿನ ಒಪ್ಪಿಗೆ ಇದೆ. ಇನ್ನೊಂದರದು ಬರೀ ಮುಖಸ್ತುತಿ.

ಮೊದಲು ವೇಗ. ಚನ್ನರಾಯಪಟ್ಟಣ ದಾಟಿ ಹಿರೀಸಾವೆ ಕಡೆಗೆ ಬರುವಾಗ ಹೆದ್ದಾರಿಯಲ್ಲಿ ನೇರವಾದ ಭಾಗಗಳು ಸಿಗುತ್ತವೆ, ತಲೆಯ ಮೇಲೆ ಆಕಾಶ ತೆರೆದಿರುತ್ತದೆ. ಅಲ್ಲಿ ಮುಳ್ಳನ್ನು ಒಂದೇ ಅಂಕಿಯ ಮೇಲೆ ಹಿಡಿದುಕೊಂಡು ಹೋದರೆ ಪಕ್ಕದ ಸೀಟಿನಲ್ಲಿರುವವರು ಮೊಬೈಲಿನ ಜಿಪಿಎಸ್ ವೇಗವನ್ನು ಓದಿ ಹೇಳಬಹುದು. ನಮ್ಮಲ್ಲಿ ಆ ಹುದ್ದೆ ಮಗಳದು. ಮುಳ್ಳು 60ರಲ್ಲಿದ್ದಾಗ ಜಿಪಿಎಸ್ 57 ಎನ್ನುತ್ತದೆ, 80ಕ್ಕೆ 76, 100ಕ್ಕೆ 95. ಐದು ವರ್ಷಗಳಲ್ಲಿ ಈ ಅಂತರ ಒಂದು ಕಿಲೋಮೀಟರಿನಷ್ಟು ಆಚೀಚೆ ಆಗಿರಬಹುದು, ಅಷ್ಟೇ.

ಮೊಬೈಲನ್ನು ಯಾಕೆ ನಂಬಬೇಕು ಎಂದು ಕೇಳುವವರಿಗೆ: ಜಿಪಿಎಸ್ ವೇಗವನ್ನು ಲೆಕ್ಕ ಹಾಕುವುದು ಮುಖ್ಯವಾಗಿ ಉಪಗ್ರಹದ ಸಂಕೇತದ ಆವರ್ತನದಲ್ಲಿ ಆಗುವ ಸಣ್ಣ ಬದಲಾವಣೆಯಿಂದ, ಅಂದರೆ ಡಾಪ್ಲರ್ ಪರಿಣಾಮದಿಂದ. ತೆರೆದ ಜಾಗದಲ್ಲಿ ಸಮವೇಗದಿಂದ ಹೋಗುವಾಗ ಅದರ ತಪ್ಪು ಗಂಟೆಗೆ ಒಂದು ಕಿಲೋಮೀಟರಿಗಿಂತ ಕಡಿಮೆ. ವೇಗ ಏರಿಸುವಾಗ, ಇಳಿಸುವಾಗ ಮಾತ್ರ ಅದು ಕ್ಷಣಕಾಲ ಹಿಂದೆ ಬೀಳುತ್ತದೆ. ಶಿರಾಡಿಯ ತಿರುವುಗಳಲ್ಲಿ, ಕಾಡಿನ ನೆರಳಿನಲ್ಲಿ ನೋಡಿದ ಅಂಕಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈ ಶೇ 5ರ ಅಂತರ ದೋಷವಲ್ಲ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ನಿಯಮದ ಪ್ರಕಾರ ಮೀಟರ್ ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ಇರಕೂಡದು. ಹೆಚ್ಚಿರಬಹುದು, ಎಷ್ಟೆಂದರೆ ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ ಇನ್ನೂ 4 ಕಿ.ಮೀ. ಆ ಲೆಕ್ಕದಲ್ಲಿ 80ರಲ್ಲಿ ಓಡುತ್ತಿರುವ ಕಾರು 92 ಎಂದು ತೋರಿಸಿದರೂ ಪಾಸು, 79 ಎಂದು ತೋರಿಸಿದರೆ ಫೇಲು. ಹೀಗಿರುವಾಗ ಯಾವ ಕಂಪನಿಯ ಎಂಜಿನಿಯರ್ ತಾನೇ ಸರಿಯಾಗಿ ಸೊನ್ನೆಯ ಗೆರೆಯ ಮೇಲೆ ನಿಲ್ಲುವ ಧೈರ್ಯ ಮಾಡುತ್ತಾನೆ? ಬಸ್ಸು ತಪ್ಪಬಾರದೆಂದು ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುತ್ತಾರಲ್ಲ, ಹಾಗೆ ಸ್ವಲ್ಪ ಮುಂದಿಟ್ಟೇ ಕಳಿಸುತ್ತಾರೆ.

ಈ ಮುಂದಿಡುವ ಕೆಲಸ ನಡೆಯುವುದು ಮೀಟರಿನಲ್ಲಿಯೇ ಹೊರತು ಚಕ್ರದ ಸೆನ್ಸರ್‌ನಲ್ಲಲ್ಲ. ಎಂಜಿನ್ ಕಂಪ್ಯೂಟರಿನ ಮಾಹಿತಿ ಓದಲೆಂದು ಸ್ಟಿಯರಿಂಗ್ ಕೆಳಗೆ ಇರುವ ಒಬಿಡಿ ಪೋರ್ಟಿಗೆ ಅಗ್ಗದ ಬ್ಲೂಟೂತ್ ಸಾಧನವೊಂದನ್ನು ಸಿಕ್ಕಿಸಿ ನೋಡಿದೆ. ಮುಳ್ಳು 100ರಲ್ಲಿದ್ದಾಗ ಎಂಜಿನ್ ಕಂಪ್ಯೂಟರ್ ಹೇಳಿದ್ದು 96. ಕಾರಿಗೆ ಸತ್ಯ ಗೊತ್ತು, ನಮಗೆ ಹೇಳುವುದಿಲ್ಲ.

ಬಳಕೆಯಲ್ಲಿ ಇದರ ಪರಿಣಾಮ ಸಣ್ಣದು. 2019ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ 80ರ ಎಚ್ಚರಿಕೆ ಸದ್ದು ನನ್ನ ಕಾರಿನಲ್ಲಿ ನಿಜವಾದ ವೇಗ 76 ಇರುವಾಗಲೇ ಶುರುವಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮಿತಿಯನ್ನು ಮುಳ್ಳು ನೋಡಿ ಪಾಲಿಸಿದರೆ ಆ 119 ಕಿ.ಮೀ. ದಾರಿಗೆ ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ. ಅಲ್ಲಿನ ಕ್ಯಾಮೆರಾಗಳು ಅಳೆಯುವುದು ನಿಜವಾದ ವೇಗವನ್ನು, ಹಾಗಾಗಿ ಮುಳ್ಳು 104 ತೋರಿಸಿದರೂ ದಂಡ ಬೀಳಲಿಕ್ಕಿಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ನಾಲ್ಕು ನಿಮಿಷಕ್ಕಾಗಿ ಅಷ್ಟು ಗಣಿತ ಯಾಕೋ ನನಗೆ ತಿಳಿಯದು.

ಓಡೋಮೀಟರ್ ಬೇರೆ ಜಾತಿಯದು. ವಾರಂಟಿ, ಸರ್ವೀಸ್, ಹಳೆಯ ಕಾರಿನ ಬೆಲೆ ಎಲ್ಲ ಅದರ ಮೇಲೆ ನಿಂತಿರುವುದರಿಂದ ಅದನ್ನು ಬೇಕೆಂದೇ ಮುಂದೆ ಓಡಿಸುವುದಿಲ್ಲ. ಹೆದ್ದಾರಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳ ಜೊತೆಗೂ ಜಿಪಿಎಸ್ ದಾಖಲಿಸಿದ ದೂರದ ಜೊತೆಗೂ ಹೋಲಿಸಿದಾಗ ಹೊಸ ಟಯರ್‌ನಲ್ಲಿ ಅದರ ತಪ್ಪು ಶೇ 1ರ ಒಳಗೇ ಇತ್ತು. ಕಲ್ಲುಗಳನ್ನು ನಂಬುವಾಗ ಬೈಪಾಸ್ ಇಲ್ಲದ ಭಾಗವನ್ನು ಆರಿಸಿಕೊಳ್ಳಬೇಕು. ರಸ್ತೆ ಬದಲಾದ ಕಡೆ ಕಲ್ಲಿನ ಅಂಕಿ ನೆಗೆಯುತ್ತದೆ.

ಟಯರ್ ಸವೆದಂತೆ ಈ ಲೆಕ್ಕ ಸರಿಯುತ್ತದೆ. ಹೊಸ ಟಯರ್‌ನ ಹಲ್ಲು ಸುಮಾರು 8 ಮಿ.ಮೀ. ಆಳ, ಬದಲಿಸಲೇಬೇಕಾದ ಮಿತಿ 1.6 ಮಿ.ಮೀ. ಅಷ್ಟು ಸವೆದಾಗ 621 ಮಿ.ಮೀ. ವ್ಯಾಸದ ಚಕ್ರ ಸುಮಾರು 13 ಮಿ.ಮೀ. ಕುಗ್ಗಿರುತ್ತದೆ, ಅಂದರೆ ಶೇ 2. ಅದೇ ದೂರಕ್ಕೆ ಚಕ್ರ ಹೆಚ್ಚು ಸುತ್ತುತ್ತದೆ, ಓಡೋಮೀಟರ್ ಓಡದ ಕಿಲೋಮೀಟರನ್ನೂ ಸೇರಿಸಿಕೊಳ್ಳುತ್ತದೆ. ಟಯರ್ ಹಳತಾದಾಗ ಮೈಲೇಜ್ ಚೆನ್ನಾಗಿ ಬರುತ್ತದೆ ಎಂಬ ಮಾತಿನಲ್ಲಿ ಒಂದಿಷ್ಟು ಈ ಭ್ರಮೆಯ ಪಾಲಿದೆ. ಟಯರ್ ಬದಲಿಸುವಾಗ ಅಂಗಡಿಯವರು 195/65 ಹಾಕಿಸಿ, ಹಿಡಿತ ಚೆನ್ನಾಗಿರುತ್ತದೆ ಎಂದರು. ಅದರ ಸುತ್ತಳತೆ ಶೇ 2ರಷ್ಟು ಹೆಚ್ಚು. ಮುಳ್ಳು ಸತ್ಯಕ್ಕೆ ಹತ್ತಿರವಾಗುತ್ತಿತ್ತು, ಆದರೆ ಓಡೋಮೀಟರ್ ಕಡಿಮೆ ಎಣಿಸಿ ನನ್ನ ಐದು ವರ್ಷದ ಮೈಲೇಜ್ ಪುಸ್ತಕ ಕೆಡುತ್ತಿತ್ತು. ಹಳೆಯ ಅಳತೆಯನ್ನೇ ಹಾಕಿಸಿದೆ.

ಇನ್ನು ಮೈಲೇಜ್ ಪರದೆ. ನನ್ನ ತಕರಾರು ಇರುವುದು ಇದರ ಮೇಲೆ.

ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೆಟ್ರೋಲನ್ನು ಅಳೆಯುವ ಮೀಟರ್ ಒಂದು ಕಾರಿನೊಳಗೆ ಇದೆ ಎಂದು ಬಹಳ ಜನ ನಂಬಿದ್ದಾರೆ. ಇಲ್ಲ. ಇಂಜೆಕ್ಟರ್ ಪ್ರತಿ ಸಲ ಎಷ್ಟು ಮಿಲಿಸೆಕೆಂಡ್ ತೆರೆದಿತ್ತು ಎಂಬುದು ಎಂಜಿನ್ ಕಂಪ್ಯೂಟರಿಗೆ ಗೊತ್ತು, ಏಕೆಂದರೆ ತೆರೆಯಲು ಆದೇಶ ಕೊಡುವುದೇ ಅದು. ಅಷ್ಟು ಹೊತ್ತಿನಲ್ಲಿ ಇಷ್ಟು ಪೆಟ್ರೋಲ್ ಹೋಗಿರಬೇಕು ಎಂಬ ಊಹೆಯನ್ನು ಕೂಡಿಸುತ್ತಾ ಹೋಗಿ, ಓಡಿದ ದೂರವನ್ನು ಅದರಿಂದ ಭಾಗಿಸಿ ಪರದೆಗೆ ಕಳಿಸುತ್ತದೆ. ಇಂಧನದ ಒತ್ತಡ, ಇಂಜೆಕ್ಟರ್‌ನ ವಯಸ್ಸು, ಪೆಟ್ರೋಲ್‌ನ ಉಷ್ಣತೆ ಎಲ್ಲವೂ ಆ ಊಹೆಯನ್ನು ಅಲುಗಾಡಿಸುತ್ತವೆ. ಅಲುಗಾಟ ಮಾತ್ರವೇ ಆಗಿದ್ದರೆ ಅಂಕಿ ಕೆಲವೊಮ್ಮೆ ಕಡಿಮೆಯೂ ಬರಬೇಕಿತ್ತು. ನನ್ನ ಕಾರಿನಲ್ಲಿ ಅದು ಒಮ್ಮೆಯೂ ಕಡಿಮೆ ಹೇಳಿಲ್ಲ.

ನನ್ನ ಅಳತೆ ಹಳೆಯ ಕ್ರಮದ್ದು: ಟ್ಯಾಂಕ್ ಫುಲ್. ಹಾಸನದಲ್ಲಿ ಒಂದೇ ಬಂಕು, ಸಾಧ್ಯವಾದರೆ ಅದೇ ಪಂಪು, ಬೆಳಗಿನ ಹೊತ್ತು. ನಾಜಲ್ ತಾನಾಗಿ ಕಟ್ ಆದ ಮೇಲೆ ಮತ್ತೆ ಹನಿ ಹನಿ ತುಂಬಿಸುವುದಿಲ್ಲ. ರೂಪಾಯಿ ಲೆಕ್ಕ ಸಮ ಮಾಡುತ್ತೇನೆ ಸಾರ್ ಎಂದು ಬಂಕಿನ ಹುಡುಗ ಇನ್ನೂ ಸ್ವಲ್ಪ ಒತ್ತಲು ಬಂದರೆ ಬೇಡ ಎನ್ನಬೇಕು. ನಾಜಲ್ ಬೇಗ ಕಟ್ ಆಗುವುದು, ತಡವಾಗಿ ಕಟ್ ಆಗುವುದು ಇದ್ದೇ ಇರುತ್ತದೆ, ಒಂದು ಟ್ಯಾಂಕಿನಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆ ಆದರೂ ಆಶ್ಚರ್ಯವಿಲ್ಲ. ಆದ್ದರಿಂದ ಒಂದೇ ಟ್ಯಾಂಕಿನ ಲೆಕ್ಕಕ್ಕೆ ಬೆಲೆಯಿಲ್ಲ. ವರ್ಷವಿಡೀ ತುಂಬಿಸಿದ ಒಟ್ಟು ಲೀಟರ್, ಒಟ್ಟು ಕಿಲೋಮೀಟರ್ ಹಿಡಿದರೆ ಆ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಬಂಕಿನ ಅಳತೆಯ ಮೇಲೆಯೇ ಅನುಮಾನವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಐದು ಲೀಟರ್ ಮಾಪಕ ಅಲ್ಲಿ ಇರುತ್ತದೆ, ಅದರಲ್ಲಿ ಹಿಡಿದು ತೋರಿಸಿ ಎಂದು ಕೇಳುವುದು ಗ್ರಾಹಕನ ಹಕ್ಕು. ಐದು ಲೀಟರಿಗೆ 25 ಮಿ.ಲೀ. ಆಚೀಚೆಗೆ ಮಾತ್ರ ಅವಕಾಶ, ಅಂದರೆ ಶೇ ಅರ್ಧ. ನಾನು ಕೇಳಿದ್ದೇನೆ. ಮುಖ ಗಂಟಿಕ್ಕಿದರು, ಅಳತೆ ಸರಿ ಇತ್ತು.

ಮೊದಲ ಮೂರು ವರ್ಷದ ಫಲ: ಪರದೆ ಹೇಳಿದ್ದು 18.6, ಟ್ಯಾಂಕ್ ಹೇಳಿದ್ದು 17.3. ಸುಮಾರು ಶೇ 7ರ ಹೊಗಳಿಕೆ. ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ ಎಲ್ಲ ಕಾರಿನಲ್ಲೂ ಹೀಗೇ ಎಂಬ ಉತ್ತರ. ಆ ಉತ್ತರ ಸುಳ್ಳೇನೂ ಅಲ್ಲ, ಸಿಟ್ಟು ಬಂದದ್ದು ಅದಕ್ಕೇ. ವೇಗದ ಮೀಟರಿಗೆ ಇಷ್ಟೇ ತಪ್ಪಬಹುದು ಎಂಬ ಗೆರೆ ಇದೆ, ಬಂಕಿನ ಪಂಪಿಗೆ ಇದೆ, ತರಕಾರಿ ಅಂಗಡಿಯ ತಕ್ಕಡಿಗೂ ಇದೆ. ಈ ಪರದೆಯ ಬಗ್ಗೆ ನನ್ನ ಕೈಪಿಡಿಯಲ್ಲಿ ಇರುವುದು, ಅಂಕಿ ಅಂದಾಜು ಮಾತ್ರ ಎಂಬ ಒಂದು ಸಾಲು. ಯುರೋಪಿನಲ್ಲಿ 2021ರಿಂದ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳು ಇಂಧನ ಬಳಕೆಯನ್ನು ಶೇ 5ರ ಒಳಗಿನ ತಪ್ಪಿನಲ್ಲಿ ಒಳಗೇ ದಾಖಲಿಸಬೇಕು ಎಂಬ ಕಟ್ಟಳೆ ಬಂದಿದೆ. ಹಾಗೆ ಕಲೆಹಾಕಿದ ದಾಖಲೆ ನೋಡಿ ಯುರೋಪಿಯನ್ ಕಮಿಷನ್ 2024ರಲ್ಲಿ ಹೇಳಿದ್ದೇನೆಂದರೆ, ರಸ್ತೆಯ ಮೇಲಿನ ಪೆಟ್ರೋಲ್ ಕಾರುಗಳು ಕಾಗದದ ಮೇಲಿನದಕ್ಕಿಂತ ಸುಮಾರು ಶೇ 24ರಷ್ಟು ಹೆಚ್ಚು ಇಂಧನ ಕುಡಿಯುತ್ತಿವೆ. ಅಳೆದದ್ದಕ್ಕೆ ಗೊತ್ತಾಯಿತು. ನಮ್ಮಲ್ಲಿ ಕಾರುಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಮೈಲೇಜ್ ಬರುವುದೂ ಪ್ರಯೋಗಾಲಯದ ರೋಲರ್ ಮೇಲೆ, 90 ಕಿ.ಮೀ. ವೇಗವನ್ನು ಎಂದೂ ದಾಟದ ಪರೀಕ್ಷೆಯಿಂದ. ಅದನ್ನು ನೋಡಿ ಮಾಸಿಕ ಬಜೆಟ್ ಹಾಕುವವರು ಯಾರೂ ಇಲ್ಲ ಎಂದುಕೊಂಡಿದ್ದೇನೆ.

ಪರದೆಯ ಅಂಕಿಗೆ ಮನುಷ್ಯನ ಉತ್ಸಾಹವೂ ಸೇರಿದರೆ ಕೇಳುವುದೇ ಬೇಡ. ನಮ್ಮ ಭಾವ ಮಂಗಳೂರಿಗೆ ನನ್ನ ಕಾರು ಒಯ್ದು ಬಂದು, "ಹೋಗುವಾಗ 24, ಬರುವಾಗ 16, ಸರಾಸರಿ 20 ಕೊಡುತ್ತದೆ ಕಣಯ್ಯಾ, ಸುಮ್ಮನೆ ದೂರುತ್ತೀಯ" ಎಂದರು. ಸಕಲೇಶಪುರದಿಂದ ಉಪ್ಪಿನಂಗಡಿಗೆ ಇಳಿಯುವಾಗ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್‌ಗಳು ಮುಚ್ಚಿಕೊಳ್ಳುತ್ತವೆ, ಪೆಟ್ರೋಲ್ ಖರ್ಚಾಗುವುದೇ ಇಲ್ಲ; ಹತ್ತುವಾಗ ಆ ಸಾಲವೆಲ್ಲ ತೀರುತ್ತದೆ. "ಭಾವ, ಲೀಟರ್ ಕೂಡಿಸಿ ನೋಡಿ" ಎಂದೆ. ದೂರ ಒಂದೇ ಆಗಿರುವಾಗ 24 ಮತ್ತು 16ರ ಸರಿಯಾದ ಸರಾಸರಿ 19.2. ಅದರಿಂದ ಪರದೆಯ ಹೊಗಳಿಕೆ ಕಳೆದರೆ 18ರ ಹತ್ತಿರ. ಅವರು ಒಪ್ಪಿಲ್ಲ, ಈಗಲೂ ಮದುವೆ ಮನೆಗಳಲ್ಲಿ 20 ಎಂದೇ ಹೇಳುತ್ತಾರೆ.

ಇಷ್ಟೆಲ್ಲ ದೂರಿದ ಮೇಲೂ ಪರದೆಯನ್ನು ನಾನು ದಿನಾ ನೋಡುತ್ತೇನೆ, ಏಕೆಂದರೆ ಅದರ ಸುಳ್ಳು ಸ್ಥಿರವಾಗಿದೆ. ಇದನ್ನು ಖಚಿತ ಮಾಡಿಕೊಟ್ಟದ್ದು ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಈ ಮಿಶ್ರಣ ಕ್ರಮೇಣ ನಮ್ಮ ಬಂಕಿಗೂ ಬಂತು. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲ್‌ನದರ ಮೂರನೇ ಎರಡು ಭಾಗ ಮಾತ್ರ. ಟ್ಯಾಂಕ್ ಲೆಕ್ಕ 17.3ರಿಂದ 16.6ಕ್ಕೆ ಇಳಿಯಿತು, ಶೇ 4. ಇ20ಕ್ಕೆಂದೇ ಹೊಂದಿಸದ ಕಾರುಗಳಲ್ಲಿ ಶೇ 3ರಿಂದ 6ರಷ್ಟು ಇಳಿಯಬಹುದು ಎಂದು ಕೇಂದ್ರ ಸರ್ಕಾರವೇ 2025ರಲ್ಲಿ ಹೇಳಿದ ಮಿತಿಯೊಳಗೇ ಇದೆ. ಪರದೆಯೂ ಜೊತೆಜೊತೆಗೆ 18.6ರಿಂದ 17.8ಕ್ಕೆ ಬಂತು. ಎಕ್ಸಾಸ್ಟ್‌ನ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದುಕೊಳ್ಳುತ್ತದೆ, ಲೆಕ್ಕದಲ್ಲಿ ಅದೂ ಸೇರುತ್ತದೆ. ಹೊಗಳಿಕೆ ಮಾತ್ರ ಅದೇ ಶೇ 7. ಹಾಗಾಗಿ 80ರಲ್ಲಿ ಹೋದರೆ ಒಳ್ಳೆಯದೋ 100ರಲ್ಲೋ, ಟಯರ್‌ಗೆ ಗಾಳಿ ಕಡಿಮೆಯಾಗಿದೆಯೋ, ಗೊರಗುಂಟೆಪಾಳ್ಯದ ಸಿಗ್ನಲ್ ಎಷ್ಟು ತಿಂದಿತು ಎಂದು ತಿಳಿಯಲು ಅದು ಸಾಕು. ಪೆಟ್ರೋಲ್ ಖರ್ಚಿನ ಲೆಕ್ಕಕ್ಕೆ ಪರದೆಯ ಅಂಕಿಯನ್ನು 0.93ರಿಂದ ಗುಣಿಸಿಕೊಳ್ಳುತ್ತೇನೆ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿಗೆ ಇನ್ನೆಷ್ಟು ದೂರ ಹೋಗಬಹುದು ಎಂದು ತೋರಿಸುವ ಅಂಕಿ ಇದಕ್ಕೆ ವಿರುದ್ಧ, ಮಹಾ ಅಂಜುಬುರುಕ. ಸೊನ್ನೆಯ ಜಾಗದಲ್ಲಿ ಗೀಟು ಬಂದ ಮೇಲೆ ತುಂಬಿಸಿದರೂ 32 ಲೀಟರಿಗೇ ನಾಜಲ್ ಕಟ್ ಆಗುತ್ತದೆ. ಕಂಪನಿ ಇಲ್ಲಿ ಧಾರಾಳಿಯಾಗದೆ ಇರುವುದೇ ವಾಸಿ.

ಹಳೆಯ ಕಾರು ನೋಡಲು ಹೋಗುವವರಿಗೆ ಒಂದು ಮಾತು. ಮಾರುವವರು ಪರದೆಯಲ್ಲಿ 22 ತೋರಿಸಿದರೆ ಆ ಸರಾಸರಿ ಎಷ್ಟು ಕಿಲೋಮೀಟರಿನದು ಎಂದು ಟ್ರಿಪ್ ಮೀಟರ್ ನೋಡಿ. ಹೆದ್ದಾರಿಗೆ ಬಂದ ಮೇಲೆ ರೀಸೆಟ್ ಒತ್ತಿ ಮೂವತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿದರೆ ಯಾವ ಕಾರೂ 22 ತೋರಿಸುತ್ತದೆ. ನೀವೇ ರೀಸೆಟ್ ಒತ್ತಿ, ಊರೊಳಗೆ ಒಂದು ಸುತ್ತು ಹಾಕಿ, ಆಮೇಲೆ ಬೆಲೆ ಮಾತಾಡಿ.