ಹ್ಯಾಲೊಜನ್ ಫಾಲೋಸ್ಪಾಟ್‌ಗೆ ವೇರಿಯಾಕ್ ಡಿಮ್ಮರ್: ಏಳು ವರ್ಷ ಬಳಸಿದ ಮೇಲೆ

ಮಡಿಕೇರಿಯ ನಮ್ಮ ಹವ್ಯಾಸಿ ನಾಟಕ ತಂಡದ ಬಳಿ 1,000 ವ್ಯಾಟ್‌ನ ಹಳೆಯ ಹ್ಯಾಲೊಜನ್ ಫಾಲೋಸ್ಪಾಟ್ (ರಂಗದ ಮೇಲೆ ನಟನನ್ನು ಹಿಂಬಾಲಿಸುವ ದೀಪ) ಒಂದಿದೆ. ಅದರ ಬೆಳಕನ್ನು ಏರಿಸಿ ಇಳಿಸಲು ವೋಲ್ಟೇಜನ್ನು ಬೇಕಾದಷ್ಟು ಏರಿಸಿ ಇಳಿಸುವ, 10 ಆಂಪಿಯರ್ ಸಾಮರ್ಥ್ಯದ ವೇರಿಯಾಕ್ ಕೊಂಡು ಏಳು ವರ್ಷಗಳಾದವು. ಅಲ್ಲಿಯವರೆಗೆ ಬಾಡಿಗೆಗೆ ಬರುತ್ತಿದ್ದ ಆರು ಚಾನೆಲ್‌ಗಳ ಡಿಮ್ಮರ್ ಪೆಟ್ಟಿಗೆಯಲ್ಲಿಯೇ ಒಂದು ಚಾನೆಲ್ಲನ್ನು ಸ್ಪಾಟ್‌ಗೆ ಬಿಟ್ಟುಕೊಡುತ್ತಿದ್ದೆವು. ಆ ಪೆಟ್ಟಿಗೆ ರಂಗದ ಪಕ್ಕದ ಸೈಡ್‌ವಿಂಗ್‌ನಲ್ಲಿ ಇರುತ್ತಿತ್ತು, ಸ್ಪಾಟ್ ಹಿಡಿಯುವವನು ಸಭಾಂಗಣದ ಹಿಂಬದಿಯ ಮೇಜಿನ ಮೇಲೆ ನಿಂತಿರುತ್ತಿದ್ದ. ನಟ ತಿರುಗಿ ನಡೆಯುವಾಗ ಬೆಳಕು ನಿಧಾನವಾಗಿ ಅವನನ್ನು ಬಿಟ್ಟುಕೊಡಬೇಕಾದರೆ ಹಿಂದಿನಿಂದ ಟಾರ್ಚ್ ಬೀರಿ ಸನ್ನೆ ಮಾಡಬೇಕಾಗಿತ್ತು, ಸನ್ನೆ ತಲುಪುವ ಹೊತ್ತಿಗೆ ನಟ ರಂಗದಿಂದ ಒಳಗೆ ಹೋಗಿರುತ್ತಿದ್ದ. ಸ್ಪಾಟನ್ನು ತಿರುಗಿಸುವ ಕೈಗೆ ಎಟಕುವಷ್ಟು ಹತ್ತಿರದಲ್ಲಿ ಡಿಮ್ಮರ್ ಇರಬೇಕೆಂಬುದು ನನಗೆ ಮನವರಿಕೆಯಾದದ್ದು ಹೀಗೆ. ಉಳಿದ ಗುಣದೋಷಗಳನ್ನೆಲ್ಲ ಆಮೇಲೆ ನೋಡಿದೆ.

ಆ ಬಾಡಿಗೆ ಪೆಟ್ಟಿಗೆಯ ಎರಡನೆಯ ತೊಂದರೆ ಸದ್ದು. ಥೈರಿಸ್ಟರ್ ಅಥವಾ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸುವ ಡಿಮ್ಮರ್‌ಗಳು ವಿದ್ಯುತ್ತಿನ ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ತಡೆದು, ಉಳಿದದ್ದನ್ನು ಥಟ್ಟನೆ ಒಳಗೆ ಬಿಡುತ್ತವೆ. ನಮ್ಮದು 50 ಹರ್ಟ್ಸ್ ವಿದ್ಯುತ್ತಾದುದರಿಂದ ಈ ಏಟು ಸೆಕೆಂಡಿಗೆ ನೂರು ಬಾರಿ ಫಿಲಮೆಂಟಿನ ಮೇಲೆ ಬೀಳುತ್ತದೆ, ಅರ್ಧ ಬೆಳಕಿನ ಆಸುಪಾಸಿನಲ್ಲಿ ಅದು ಜೋರಾಗಿ ಕೇಳಿಸುತ್ತದೆ. ಒಳ್ಳೆಯ ಪೆಟ್ಟಿಗೆಗಳಲ್ಲಿ ಇದನ್ನು ತಗ್ಗಿಸಲು ದಪ್ಪನೆಯ ಚೋಕ್ (ತಂತಿಯ ಸುರುಳಿ) ಇರುತ್ತದೆ, ಅಗ್ಗದ ಪೆಟ್ಟಿಗೆಗಳಲ್ಲಿ ಮೊದಲು ಮಾಯವಾಗುವುದೇ ಅದು. ಮೌನದ ದೃಶ್ಯವೊಂದರಲ್ಲಿ ನಮ್ಮ ಸ್ಪಾಟ್ ಜೀರುಂಡೆಯಂತೆ ಗುಂಯ್‌ಗುಟ್ಟಿದ್ದು ಹಿಂದಿನ ಸಾಲಿನ ಪ್ರೇಕ್ಷಕರಿಗೆಲ್ಲ ಕೇಳಿಸಿತ್ತು. ಮೈಕ್ ಕೇಬಲ್ ಅದೇ ದಾರಿಯಲ್ಲಿ ಹಾದುಹೋಗಿದ್ದರಿಂದ ಸ್ಪೀಕರ್ ಕೂಡ ಅದಕ್ಕೆ ದನಿಗೂಡಿಸಿತ್ತು.

ವೇರಿಯಾಕ್‌ನಲ್ಲಿ ಇದರ ಸುಳಿವಿಲ್ಲ. ಉಂಗುರದಾಕಾರದ ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿ, ಅದರ ಮೇಲೆ ಕಾರ್ಬನ್ ಬ್ರಷ್ ಜಾರುವಂತೆ ಮಾಡಿದ ಸರಳ ಯಂತ್ರವಿದು. ಅಲೆಯನ್ನು ಕತ್ತರಿಸದೆ ಅದರ ಎತ್ತರವನ್ನಷ್ಟೇ ತಗ್ಗಿಸುವುದರಿಂದ ಬಲ್ಬ್ ಸದ್ದಿಲ್ಲದೆ ಉರಿಯುತ್ತದೆ. 1,000 ವ್ಯಾಟ್ ಬಲ್ಬಿಗೆ 230 ವೋಲ್ಟ್‌ನಲ್ಲಿ ನಾಲ್ಕೂಕಾಲು ಆಂಪಿಯರ್‌ಗಿಂತ ತುಸು ಹೆಚ್ಚು ಸಾಕು. 10 ಆಂಪಿಯರ್‌ನದನ್ನು ಕೊಂಡದ್ದರಿಂದ ಮೂರು ಗಂಟೆಯ ನಾಟಕ ಮುಗಿದ ಮೇಲೂ ಅದು ಬೆಚ್ಚಗಾಗಿರುತ್ತದೆಯೇ ಹೊರತು ಸುಡುವುದಿಲ್ಲ. ತೂಕ ಮಾತ್ರ ಹತ್ತು ಕಿಲೋ ಮೀರುತ್ತದೆ. ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಬಸ್ಸಿನಲ್ಲಿ ಒಯ್ಯುವ ದಿನ ಅದನ್ನು ಹೊರುವವರು ಯಾರೆಂಬ ಚರ್ಚೆ ನಮ್ಮಲ್ಲಿ ಇಂದಿಗೂ ಮುಗಿದಿಲ್ಲ.

ಕೊಡಗಿನಂಥ ಕಡೆ ಇದರ ದೊಡ್ಡ ಉಪಕಾರ ಬೇರೆಯೇ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟು ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರುಗಳು ಓಡತೊಡಗಿದರೆ, ಸಂಜೆಯ ಹೊತ್ತು ಹಳ್ಳಿಗಳಲ್ಲಿ ವೋಲ್ಟೇಜ್ 190ಕ್ಕೆ ಇಳಿದದ್ದನ್ನು ನಾನೇ ಮೀಟರಿನಲ್ಲಿ ಕಂಡಿದ್ದೇನೆ. ವೋಲ್ಟೇಜ್ ಆರನೇ ಒಂದು ಭಾಗ ಕುಸಿದರೆ ಹ್ಯಾಲೊಜನ್ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೇ ಬೀಳುತ್ತದೆ. 240 ವೋಲ್ಟ್ ಒಳಬಂದಾಗ 270ರವರೆಗೆ ಕೊಡುವ ನಮ್ಮ ವೇರಿಯಾಕ್, 190 ಬಂದಾಗ ಗುಂಡಿಯನ್ನು ಪೂರ್ತಿ ತಿರುಗಿಸಿದರೆ 213ರ ಸುಮಾರಿಗೆ ಏರಿಸುತ್ತದೆ, ಅಲ್ಲಿಗೆ ಮುಕ್ಕಾಲು ಪಾಲು ಬೆಳಕು ಮರಳುತ್ತದೆ. ಯಾವ ಥೈರಿಸ್ಟರ್ ಡಿಮ್ಮರ್ ಕೂಡ ಬಂದ ವೋಲ್ಟೇಜನ್ನು ಏರಿಸಲಾರದು.

ಇದೇ ಉಪಕಾರದ ಬೆನ್ನಿಗೆ ಅಪಾಯವೂ ಇದೆ. ರಾತ್ರಿ ಒಂಬತ್ತರ ನಂತರ ಮೋಟಾರುಗಳು ನಿಂತು ವೋಲ್ಟೇಜ್ ಒಮ್ಮೆಲೇ 240ಕ್ಕೆ ಜಿಗಿದಾಗ, ಗುಂಡಿ ತುದಿಯಲ್ಲೇ ಇದ್ದರೆ ಬಲ್ಬಿಗೆ 270 ವೋಲ್ಟ್ ಹರಿಯುತ್ತದೆ. ವೋಲ್ಟೇಜ್ ಶೇ 5ರಷ್ಟು ಹೆಚ್ಚಾದರೇ ಇಂಥ ಬಲ್ಬಿನ ಆಯುಷ್ಯ ಸುಮಾರು ಅರ್ಧವಾಗುವುದರಿಂದ ಇದು ಆಟದ ಮಾತಲ್ಲ. ಮೊದಲ ವರ್ಷವೇ ಎರಡನೆಯ ಅಂಕದ ನಡುವೆ ಒಂದು ಬಲ್ಬ್ ಹೀಗೆ ಹೋಯಿತು, ನಾಯಕಿ ಉಳಿದ ಅಂಕವನ್ನು ಮಬ್ಬಿನಲ್ಲೇ ಮುಗಿಸಿದಳು. ಅಂದಿನಿಂದ ಹೊರಬರುವ ವಿದ್ಯುತ್ತಿಗೆ ಒಂದು ವೋಲ್ಟ್‌ಮೀಟರ್ ಕೂರಿಸಿ 230ರ ಮೇಲೆ ಕೆಂಪು ಬಣ್ಣ ಬಳಿದಿದ್ದೇವೆ. ಸ್ಪಾಟ್ ಹಿಡಿಯುವವನು ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಮೀಟರಿನ ಮುಳ್ಳನ್ನೇ ನೋಡಬೇಕು.

ಕೊಳ್ಳುವವರು ಅರಿಯಲೇಬೇಕಾದ ಇನ್ನೊಂದು ಸಂಗತಿಯೆಂದರೆ, ವೇರಿಯಾಕ್‌ನಲ್ಲಿ ಒಳಬರುವ ತಂತಿಗೂ ಹೊರಹೋಗುವ ತಂತಿಗೂ ನೇರ ಸಂಪರ್ಕವಿರುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಗುಂಡಿ ಸೊನ್ನೆಯಲ್ಲಿದ್ದರೂ ಬಲ್ಬಿನ ಎರಡೂ ತುದಿಗಳಲ್ಲಿ ನೆಲಕ್ಕೆ ಹೋಲಿಸಿದರೆ ಪೂರ್ತಿ ವೋಲ್ಟೇಜ್ ಇರುತ್ತದೆ. ಬಾಡಿಗೆ ಜನರೇಟರಿನಿಂದ ಶಾಮಿಯಾನದ ಕಂಬಕ್ಕೆ ಎಳೆದ ವೈರಿಂಗ್‌ನಲ್ಲಿ ಹೀಗಾಗುವುದು ಅಪರೂಪವೇನಲ್ಲ. ಒಂದು ಊರಿನಲ್ಲಿ ಬಲ್ಬ್ ಬದಲಿಸಲು ನಾನು ಕೈಹಾಕುವ ಮೊದಲು ಜೊತೆಗಿದ್ದ ಹುಡುಗ ಟೆಸ್ಟರ್ ತಾಗಿಸಿ, "ಅಣ್ಣಾ, ಸೊನ್ನೆಯಲ್ಲೂ ಉರೀತಿದೆ ನೋಡಿ" ಎಂದ. ಆಮೇಲೆ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿಸಿದೆವು. ಆರಂಭದ ಕ್ಷಣದಲ್ಲಿ ವೇರಿಯಾಕ್ ವಿಪರೀತ ಕರೆಂಟ್ ಎಳೆಯುವುದರಿಂದ ಬಿ ದರ್ಜೆಯ ಎಂಸಿಬಿ ಆಗಾಗ ಬೀಳುತ್ತಿತ್ತು, ಸಿ ದರ್ಜೆಯದು ನಿಂತಿದೆ. ಎಂಸಿಬಿ ಏನೇ ಇರಲಿ, ಬಲ್ಬ್ ಮುಟ್ಟುವ ಮೊದಲು ಪ್ಲಗ್ಗನ್ನೇ ಕಿತ್ತಿಡುವುದು ನಮ್ಮಲ್ಲಿ ಈಗ ನಿಯಮ.

ಸ್ಪಾಟಿನೊಳಗೆ ಫ್ಯಾನ್ ಇದ್ದರೆ ಅದಕ್ಕೆ ಪ್ರತ್ಯೇಕ ವೈರ್ ಎಳೆಯಿಸಬೇಕು. ನಮ್ಮದರಲ್ಲಿ ಬಲ್ಬಿಗೂ ಫ್ಯಾನಿಗೂ ಒಂದೇ ವೈರ್ ಇತ್ತು. ಬೆಳಕು ತಗ್ಗಿಸಿದಾಗಲೆಲ್ಲ ಫ್ಯಾನ್ ನರಳುತ್ತಾ ನಿಧಾನವಾಗಿ, ಕಾದ ಬಲ್ಬಿಗೆ ಗಾಳಿ ಸಿಗದೆ ಪೆಟ್ಟಿಗೆಯೆಲ್ಲ ಸುಡುತ್ತಿತ್ತು.

ಮಳೆಗಾಲದ್ದು ಬೇರೆಯೇ ಪಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ತಾಮ್ರದ ಸುತ್ತು ಮಂಕಾಗದೆ ಉಳಿಯುವುದಿಲ್ಲ, ಮಂಕಾದ ಕಡೆ ಬ್ರಷ್ ಕಿಡಿ ಹಾರಿಸಿ ಬೆಳಕು ತಡವರಿಸುತ್ತದೆ. ಮರದ ಪೆಟ್ಟಿಗೆಯೊಳಗೆ 15 ವ್ಯಾಟ್‌ನ ಬಲ್ಬೊಂದನ್ನು ಉರಿಸಿ, ತಿಂಗಳಿಗೊಮ್ಮೆ ಗುಂಡಿಯನ್ನು ಆಚೀಚೆ ತಿರುಗಿಸಿಡುತ್ತೇವೆ. ದಸರೆಗೆ ಮೊದಲು ಬ್ರಷ್ ಜಾರುವ ಜಾಡನ್ನು ಒಣಬಟ್ಟೆಯಿಂದ ಒರೆಸುತ್ತೇವೆ. ಏಳು ವರ್ಷಗಳಲ್ಲಿ ಬ್ರಷ್ ಬದಲಿಸಿದ್ದು ಎರಡು ಬಾರಿ, ಅದನ್ನು ಬಿಟ್ಟರೆ ಬೇರೆ ರಿಪೇರಿ ಬಂದಿಲ್ಲ.

ಹ್ಯಾಲೊಜನ್ ಬೆಳಕು ತಗ್ಗಿದಂತೆ ಕೆಂಪಾಗುವುದನ್ನು ಯಾವ ಡಿಮ್ಮರ್ ಕೂಡ ತಪ್ಪಿಸಲಾರದು. ಸಾವಿನ ದೃಶ್ಯಕ್ಕೆ ಆ ಕೆಂಪು ಒಪ್ಪುತ್ತದೆ, ಬೆಳದಿಂಗಳಿಗೆ ನೀಲಿ ಜೆಲ್ (ದೀಪದ ಮುಂದಿಡುವ ಬಣ್ಣದ ಹಾಳೆ) ಹಾಕಿದಾಗ ಕೆಸರು ಬಣ್ಣ ಬರುತ್ತದೆ. ಅಂಥಲ್ಲಿ ವೇರಿಯಾಕ್ ಮುಟ್ಟದೆ ಬೆಳಕಿನ ವೃತ್ತವನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್ಸನ್ನು ಕಿರಿದಾಗಿಸುವುದೇ ಲೇಸು. ಎಚ್‌ಎಂಐ, ಕ್ಸೆನಾನ್‌ನಂಥ ಡಿಸ್ಚಾರ್ಜ್ ಬಲ್ಬಿನ (ಫಿಲಮೆಂಟ್ ಇಲ್ಲದೆ ಅನಿಲದಲ್ಲಿ ವಿದ್ಯುತ್ ಹರಿದು ಬೆಳಗುವ) ಸ್ಪಾಟ್‌ಗಳನ್ನಂತೂ ಇದಕ್ಕೆ ಜೋಡಿಸಲೇಬಾರದು. ವೋಲ್ಟೇಜ್ ಇಳಿಸಿದರೆ ಅವು ಆರಿಹೋಗುತ್ತವೆ, ಅವುಗಳ ಬೆಳಕನ್ನು ತಗ್ಗಿಸಬೇಕಾದದ್ದು ಮುಂದಿನ ಲೋಹದ ತೆರೆಯಿಂದ.

ಎರಡು ವರ್ಷಗಳ ಹಿಂದೆ ಒಂದು ಎಲ್‌ಇಡಿ ಫಾಲೋಸ್ಪಾಟ್ ಕೂಡ ಕೊಂಡೆವು. ಅದರ ಡಿಮ್ಮರ್ ಅದರೊಳಗೇ ಇರುವುದರಿಂದ ವೇರಿಯಾಕ್ ಮೂಲಕ ಹಾಯಿಸದೆ ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನೇ ಕೊಡಬೇಕು. ಹಗುರ, ಕರೆಂಟ್ ಖರ್ಚು ಕಡಿಮೆ, ಬೆಳಕು ಇಳಿಸಿದರೂ ಬಣ್ಣ ಕೆಡುವುದಿಲ್ಲ. ಆದರೆ ನಮ್ಮದರಲ್ಲಿ ಬೆಳಕು ಏರಿಳಿಯಲು ಇರುವುದು 256 ಮೆಟ್ಟಿಲುಗಳಷ್ಟೇ. ನಿಧಾನವಾಗಿ ಆರಿಸುವಾಗ ಕೊನೆಯ ಕೆಲವು ಮೆಟ್ಟಿಲುಗಳು ಕಣ್ಣಿಗೆ ಕುಕ್ಕುತ್ತವೆ, ಕಟ್ಟಕಡೆಗೆ ಬೆಳಕು ಪಕ್ಕನೆ ಹೋಗಿಬಿಡುತ್ತದೆ. ಹ್ಯಾಲೊಜನ್ ಫಿಲಮೆಂಟ್ ತಣ್ಣಗಾಗಲು ತನ್ನದೇ ಸಮಯ ತೆಗೆದುಕೊಳ್ಳುವುದರಿಂದ ಅಲ್ಲಿ ಈ ಕುಲುಕು ಇಲ್ಲ. ಹೀಗಾಗಿ ನೃತ್ಯ, ಸಭೆ, ಸನ್ಮಾನಗಳಿಗೆ ಎಲ್‌ಇಡಿ ಹೋಗುತ್ತದೆ, ನಾಟಕವಿದ್ದ ದಿನ ಆ ಹತ್ತು ಕಿಲೋದ ಪೆಟ್ಟಿಗೆಯನ್ನೇ ಹೊರುತ್ತೇವೆ.