ಒರಿಜಿನಲ್ ಓಡ್ನರ್ ಲೆಕ್ಕದ ಯಂತ್ರ: ಕೆಲವು ವರ್ಷ ಬಳಸಿದ ಮೇಲೆ

ಚಿಕ್ಕವಯಸ್ಸಿನಲ್ಲಿ ಅಪ್ಪನ ಮೇಜಿನ ಮೇಲೆ ನೋಡಿದ್ದ ಯಂತ್ರ ಇದು. ಅಟ್ಟದಿಂದ ಇಳಿಸಿ, ರಿಪೇರಿ ಮಾಡಿಸಿ, ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಹಿಡಿಕೆಯನ್ನು ಒಂದು ಕಡೆ ತಿರುಗಿಸಿದರೆ ಕೂಡುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಕಳೆಯುತ್ತದೆ, ಅಷ್ಟೇ.

ಒಳಗೆ ಒಂದೊಂದು ಸ್ಥಾನಕ್ಕೂ ಒಂದೊಂದು ಚಕ್ರ, ಪ್ರತಿ ಚಕ್ರದಲ್ಲೂ ಒಳಹೊರಗೆ ಸರಿಯುವ 9 ಹಲ್ಲು. ಮೇಲಿನ ಕಡ್ಡಿಯನ್ನು 6ಕ್ಕೆ ಎಳೆದರೆ 6 ಹಲ್ಲು ಹೊರಗೆ ಬರುತ್ತವೆ. ಸ್ವೀಡನ್ನಿನ ಎಂಜಿನಿಯರ್ ವಿಲ್ಗಾಟ್ ಓಡ್ನರ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1890ರಲ್ಲಿ ಇದರ ತಯಾರಿಕೆ ಶುರುಮಾಡಿದರು, ರಷ್ಯಾದ ಕ್ರಾಂತಿಯ ನಂತರ ಕಂಪನಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮುಂದುವರಿಯಿತು.

ನನಗೆ ಜಾಸ್ತಿ ಇಷ್ಟವಾದದ್ದು ಭಾಗಾಕಾರ. 92ನ್ನು 4ರಿಂದ ಭಾಗಿಸಬೇಕು ಅಂದುಕೊಳ್ಳಿ. 92 ಕೂಡಿ, ಸುತ್ತು ಎಣಿಸುವ ಕಿಟಕಿಯನ್ನು ಸೊನ್ನೆ ಮಾಡಿ, ಕಡ್ಡಿಯಲ್ಲಿ 4 ಇಟ್ಟು, ಕ್ಯಾರೇಜನ್ನು (ಉತ್ತರ ತೋರಿಸುವ, ಪಕ್ಕಕ್ಕೆ ಸರಿಯುವ ಕೆಳಭಾಗ) ಹತ್ತರ ಸ್ಥಾನಕ್ಕೆ ಸರಿಸಿ ಕಳೆಯುತ್ತಾ ಹೋಗಬೇಕು. 52, 12, ಆಮೇಲೆ ಟಣ್ ಅಂತ ಗಂಟೆ! ಸೊನ್ನೆಗಿಂತ ಕೆಳಗೆ ಹೋಯಿತು ಅಂತ ಅರ್ಥ, ಉತ್ತರದ ಕಿಟಕಿಯಲ್ಲಿ ಎಡಕ್ಕೆ ಸಾಲಾಗಿ 9 ಕಾಣುತ್ತದೆ. ಒಂದು ಸುತ್ತು ವಾಪಸ್ ಕೂಡಿ, ಕ್ಯಾರೇಜನ್ನು ಒಂದು ಮನೆ ಸರಿಸಿ, ಮತ್ತೆ ಗಂಟೆ ಬಾರಿಸುವವರೆಗೆ ಕಳೆದು, ಮತ್ತೆ ಒಂದು ಸುತ್ತು ವಾಪಸ್. ಸುತ್ತಿನ ಕಿಟಕಿಯಲ್ಲಿ 23 ನಿಂತಿರುತ್ತದೆ. ಕಾಗದದ ಮೇಲೆ ಮಾಡುವ ಭಾಗಾಕಾರವೇ ಇದು, ಆದರೆ ಇಲ್ಲಿ ಅದು ಕೈಗೆ ತಾಗುತ್ತದೆ. ಭಾಗಾಕಾರ ಅಂದರೆ ಹೆದರುವ ಮಕ್ಕಳ ಮುಂದೆ ಇದನ್ನು ಇಟ್ಟು ನೋಡಿ. ಗುಣಾಕಾರದಲ್ಲೂ ಉಪಾಯವಿದೆ: 99ರಿಂದ ಗುಣಿಸಲು 18 ಸುತ್ತು ಬೇಕಿಲ್ಲ, ನೂರರ ಸ್ಥಾನದಲ್ಲಿ ಒಂದು ಸುತ್ತು ಕೂಡಿ, ಬಿಡಿ ಸ್ಥಾನಕ್ಕೆ ಬಂದು ಒಂದು ಸುತ್ತು ಕಳೆದರೆ ಮುಗಿಯಿತು.

ತೊಂದರೆಗಳೂ ಇವೆ. ಸದ್ದು ಜೋರು, ರಾತ್ರಿ ಮನೆಯವರು ಮಲಗಿದ್ದಾಗ ಆಗಲ್ಲ. ಉದ್ದದ ಪಟ್ಟಿ ಕೂಡಲು ಬೇಜಾರು, ಪ್ರತಿ ಸಂಖ್ಯೆಗೂ ಕಡ್ಡಿಗಳನ್ನು ಹೊಸದಾಗಿ ಸರಿಸಬೇಕು, ಮೊದಲು ಏನು ಕೂಡಿದ್ದೆವು ಅನ್ನುವ ದಾಖಲೆಯೂ ಉಳಿಯುವುದಿಲ್ಲ. ಶುರುಮಾಡಿದ ಸುತ್ತನ್ನು ಪೂರ್ತಿ ಮಾಡಲೇಬೇಕು, ಅರ್ಧದಲ್ಲಿ ತಿರುಗಿಸಲು ಹೋಗಬೇಡಿ. ಹಳೆಯ ಗ್ರೀಸ್ ಗಟ್ಟಿಯಾಗಿ ಹಿಡಿಕೆ ಬಿಗಿಯಾಗಿದ್ದರೆ ಬಲ ಹಾಕಲೇಬೇಡಿ. ಗ್ರೀಸ್ ತೊಳೆದು ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಟ್ಟರೆ ಸಾಕು.

ಹಳೆಯದನ್ನು ಕೊಳ್ಳುವವರು ಒಂದು ಪರೀಕ್ಷೆ ಮಾಡಿ: 9999 ಕೂಡಿ, ಆಮೇಲೆ 1 ಕೂಡಿ. 10000 ಬಂದರೆ ಅಷ್ಟು ಸ್ಥಾನಗಳ ದಶಕ ಸರಿಯಾಗಿ ಹೋಗುತ್ತಿದೆ. ಕ್ಯಾರೇಜನ್ನು ಒಂದೊಂದೇ ಮನೆ ಸರಿಸಿ ಮತ್ತೆ ಮಾಡಿ. ಮಧ್ಯೆ ಎಲ್ಲಾದರೂ 9 ಹಾಗೇ ಉಳಿದರೆ, ಎಷ್ಟೇ ಹೊಳೆಯುತ್ತಿದ್ದರೂ ರಿಪೇರಿ ಮಾಡುವವರನ್ನು ಕೇಳದೆ ದುಡ್ಡು ಕೊಡಬೇಡಿ.